ರೋಹಿಣಿ ಬರುವ ಮುಂಚೆ

ಮೇ ತಿಂಗಳು ಅರ್ಧ ಕಳೆದ ಮೇಲೆ ದಾವಣಗೆರೆಯಲ್ಲಿ ಯಾರು ಎದುರಾದರೂ ಕೇಳುವುದು ಎರಡೇ ಮಾತು. ‘ಎಲ್ಲೂ ಹೋಗ್ಲಿಲ್ವೇನ್ರಿ?’ ಅನ್ನುವುದು ಒಂದು. ‘ಮಳೆ ಯಾವಾಗಂತ್ರಿ?’ ಅನ್ನುವುದು ಇನ್ನೊಂದು. ರಜೆ ಸಿಕ್ಕವರು ಆಗುಂಬೆ, ಕೊಪ್ಪ, ಚಿಕ್ಕಮಗಳೂರು ಅಂತ ಹೊರಟುಬಿಡುತ್ತಾರೆ. ಉಳಿದವರು ಕಿಟಕಿಗೆ ಒದ್ದೆ ಬಟ್ಟೆ ಇಳಿಬಿಟ್ಟು ಫ್ಯಾನಿನ ಕೆಳಗೆ ಮಲಗುತ್ತಾರೆ. ನಾನು ಮಾತ್ರ ಈ ದಿನಗಳಲ್ಲಿ ಊರು ಬಿಡಲು ಒಪ್ಪುವುದಿಲ್ಲ. ಮನೆಯವರು ಒತ್ತಾಯ ಮಾಡಿದರೆ ದಸರಾಕ್ಕೆ ಹೋಗೋಣ, ಡಿಸೆಂಬರಿನಲ್ಲಿ ಹೋಗೋಣ ಅನ್ನುತ್ತೇನೆ. ಕೃತ್ತಿಕೆ ಹುಟ್ಟಿ ರೋಹಿಣಿ ಕಳೆಯುವ ತನಕ, ಅಂದರೆ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದ ತನಕ, ಈ ಊರಲ್ಲಿ ಸಿಗುವ ಕೆಲವು ಸುಖಗಳು ವರ್ಷದ ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ. ಎಲ್ಲವೂ ಬಿಸಿಲಿನಿಂದಲೇ ಬಂದವು. ಬಿಸಿಲು ಹೋದ ದಿನ ಅವೂ ಹೋಗುತ್ತವೆ. ಅದಕ್ಕೇ ಬೇಸಿಗೆಯ ಈ ಕೊನೆಯ ದಿನಗಳ ಮೇಲೆ ನನಗೆ ಇಷ್ಟು ಆಸೆ.

ಮಾಳಿಗೆಯ ವಿಷಯ ಮೊದಲು ಹೇಳಬೇಕು. ಹಗಲೆಲ್ಲ ಕಾದ ಸಿಮೆಂಟಿನ ಮೇಲೆ ಸಂಜೆ ಆರಕ್ಕೆ ಎರಡು ಬಕೆಟ್ ನೀರು ಸುರಿದರೆ ಅದು ಚುಂಯ್ ಅಂತ ಕುಡಿದುಬಿಡುತ್ತದೆ. ಹಬೆ ಮೇಲೇಳುತ್ತದೆ, ಕಾಲಿಡಲು ಆಗುವುದಿಲ್ಲ. ಅರ್ಧ ತಾಸು ಬಿಟ್ಟು ಇನ್ನೆರಡು ಬಕೆಟ್. ಒಂಬತ್ತರ ಹೊತ್ತಿಗೆ ನೆಲ ತಣಿದು ಚಾಪೆಗೆ ಒಗ್ಗುತ್ತದೆ. ಊಟ ಮುಗಿಸಿದವರು ಒಬ್ಬೊಬ್ಬರೇ ಕೌದಿ, ದಿಂಬು, ನೀರಿನ ತಂಬಿಗೆ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಆಮೇಲೆ ಪ್ಯಾರಾಪೆಟ್ಟಿನಿಂದ ಪ್ಯಾರಾಪೆಟ್ಟಿಗೆ ಮಾತು ಶುರು. ವರ್ಷವಿಡೀ ಪಕ್ಕದ ಮನೆಯವರ ಜೊತೆ ಗೇಟಿನ ಹತ್ತಿರ ಎರಡು ನಿಮಿಷ ನಿಂತು ಮಾತಾಡಿದರೆ ಹೆಚ್ಚು. ಮೇ ತಿಂಗಳಲ್ಲಿ ಅವರ ಮಗಳ ಪಿಯುಸಿ ಮಾರ್ಕ್ಸು, ಊರಲ್ಲಿರುವ ಅತ್ತೆಯ ಮಂಡಿನೋವು, ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು, ಎಲ್ಲವೂ ಕತ್ತಲಲ್ಲಿ ತೇಲಿ ಬರುತ್ತವೆ. ಮುಖ ಕಾಣದೆ ಆಡುವ ಮಾತಿಗೆ ಒಂದು ಸಲಿಗೆ ಇರುತ್ತದೆ. ಹಗಲು ಹೇಳದ್ದನ್ನು ಜನ ಮಾಳಿಗೆಯ ಮೇಲೆ ಹೇಳುತ್ತಾರೆ.

ಹತ್ತೂವರೆಯ ಮೇಲೆ ಗಾಳಿ ಬರುತ್ತದೆ. ಶಿವಮೊಗ್ಗದ ದಿಕ್ಕಿನಿಂದ, ಮಲೆನಾಡಿನ ತಂಪು ಸ್ವಲ್ಪ ಹೊತ್ತುಕೊಂಡು ಬರುವ ಗಾಳಿ. ಏಪ್ರಿಲಿನಲ್ಲಿ ಇದು ಇರುವುದಿಲ್ಲ, ಆಗ ರಾತ್ರಿಯೂ ಧಗೆ. ಮೇ ಹದಿನೈದು ದಾಟಿದ ಮೇಲೆ ದಿನದಿಂದ ದಿನಕ್ಕೆ ಗಾಳಿಯ ಕಸುವು ಹೆಚ್ಚುತ್ತಾ ಹೋಗುವುದನ್ನು ಮೈಯೇ ಲೆಕ್ಕ ಇಡುತ್ತದೆ. ಮೊದಲ ದಿನ ಬೆವರು ಆರುತ್ತದೆ, ಒಂದು ವಾರದ ಮೇಲೆ ಚಾದರದ ಅಂಚು ಹಾರುತ್ತದೆ, ತಿಂಗಳ ಕೊನೆಗೆ ಚಾದರ ಹೊದೆಯಬೇಕು ಅನಿಸುತ್ತದೆ. ಊರ ನಡುವೆ ಹಾದುಹೋಗುವ ಹುಬ್ಬಳ್ಳಿ ರೈಲಿನ ಕೂಗು, ಪಿ.ಬಿ. ರಸ್ತೆಯ ಲಾರಿಗಳ ಸದ್ದು ಎಲ್ಲವೂ ಆ ಗಾಳಿಯ ಜೊತೆ ಹತ್ತಿರ ಬಂದು ದೂರ ಹೋಗುತ್ತವೆ.

ಮಲಗಿದಲ್ಲಿಂದಲೇ ಮಕ್ಕಳಿಗೆ ನಕ್ಷತ್ರ ತೋರಿಸುವುದು ನನ್ನ ಪಾಲಿನ ಕೆಲಸ. ಮೇ ತಿಂಗಳ ರಾತ್ರಿ ಉತ್ತರಕ್ಕೆ ಎತ್ತರದಲ್ಲಿ ಸಪ್ತರ್ಷಿ ಮಂಡಲ. ಅದರ ಬಾಲದ ಬಾಗು ಹಿಡಿದು ಮುಂದೆ ಬಂದರೆ ಕೇಸರಿ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಂದರೆ ಬೆಳ್ಳಗಿನ ಚಿತ್ತಾ. ಆಗ್ನೇಯದಲ್ಲಿ ವೃಶ್ಚಿಕ ನಿಧಾನಕ್ಕೆ ಮೇಲೇರುತ್ತಿರುತ್ತದೆ. ‘ಕೃತ್ತಿಕೆ ಎಲ್ಲಿ? ಈಗ ಅದರದ್ದೇ ಮಳೆ ಅಲ್ವಾ?’ ಅಂತ ಮಕ್ಕಳು ಕೇಳುತ್ತವೆ. ಅದು ಕಾಣುವುದಿಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದರ ಹೆಸರೇ ಆ ಮಳೆಗೆ. ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅವನ ಬೆಳಕಿನಲ್ಲಿ ಅದು ಮುಚ್ಚಿಹೋಗಿರುತ್ತದೆ, ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಹಾಗಾಗಿ ಯಾವ ಮಳೆಗೆ ಕಾಯುತ್ತೇವೋ ಆ ನಕ್ಷತ್ರವನ್ನು ಆಕಾಶದಲ್ಲಿ ಹುಡುಕಿ ಪ್ರಯೋಜನವಿಲ್ಲ. ಇದನ್ನು ಕೇಳಿದ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ, ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಅಂತ ಗಾದೆ ಕಟ್ಟಿದ ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕಣ್ಣಿಗೆ ಕಾಣದ ನಕ್ಷತ್ರದ ಮೇಲೆ ಬಿತ್ತನೆಯ ದಿನ ನಿಲ್ಲಿಸಿದವರು ಅವರು.

ರಾತ್ರಿ ನಮ್ಮದಾದ ಮಾಳಿಗೆ ಬೆಳಗಾದರೆ ಸಂಡಿಗೆಯದು. ಬೆಳಗಿನ ಜಾವ ಎದ್ದು ಹಾಸಿಗೆ ಸುತ್ತಿಟ್ಟ ಜಾಗದಲ್ಲೇ ಹಳೇ ಪಂಚೆ, ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅಕ್ಕಿ ಹಿಟ್ಟನ್ನು ಕುದಿಸಿ, ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ಗೊಟಾಯಿಸಿ, ಬಿಸಿಯಿದ್ದಾಗಲೇ ಒಂದೊಂದು ಸೌಟು ಬಿಡುತ್ತಾ ಹೋಗಬೇಕು. ಸಬ್ಬಕ್ಕಿಯದು ಒಂದು ಸಾಲು, ಅರಳಿನದು ಒಂದು ಸಾಲು, ಉದ್ದಿನ ಹಪ್ಪಳ ಇನ್ನೊಂದು ಕಡೆ. ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ ಮೊರದಲ್ಲಿ. ಬಿಸಿಲು ಏರುವುದರೊಳಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಹಾಕುವವರೇ ಒಣಗಿಹೋಗುತ್ತಾರೆ. ಅಂಗಡಿಯಲ್ಲಿ ಎಲ್ಲ ಸಂಡಿಗೆಯೂ ಸಿಗುತ್ತದೆ, ನಿಜ. ಅರ್ಧ ಒಣಗಿದ ಸಂಡಿಗೆ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೇಲೆ ತೆಳ್ಳಗೆ ಪೊರೆ ಕಟ್ಟಿ ಒಳಗೆ ಇನ್ನೂ ಮೆತ್ತಗಿರುವ, ಬಿಸಿಲಿನ ಬಿಸಿ ಹಿಡಿದ ಆ ಸಂಡಿಗೆಯನ್ನು ಪಂಚೆಯಿಂದ ಮೆಲ್ಲಗೆ ಕಿತ್ತು ಬಾಯಿಗೆ ಹಾಕಿಕೊಳ್ಳುವುದಿದೆಯಲ್ಲ, ಕಾಗೆ ಕಾಯಲು ಕೂತವರಿಗೆ ಸಿಗುವ ಸಂಬಳ ಅದು. ಚಿಕ್ಕಂದಿನಲ್ಲಿ ನಮ್ಮವ್ವ ಕಾಗೆ ಕಾಯಲು ನನ್ನನ್ನೇ ಕೂರಿಸುತ್ತಿದ್ದಳು. ಈಗ ನಾನು ಕೇಳಿಕೊಂಡು ಹೋಗಿ ಕೂರುತ್ತೇನೆ.

ಈ ಹೊತ್ತಿಗೇ ವರ್ಷದ ಖಾರದ ಪುಡಿಯ ಕೆಲಸವೂ ನಡೆಯುತ್ತಿರುತ್ತದೆ. ಬ್ಯಾಡಗಿ ನಮಗೇನು ದೂರವಲ್ಲ. ಹೊಳೆ ದಾಟಿ ರಾಣೆಬೆನ್ನೂರು ಕಳೆದರೆ ಬ್ಯಾಡಗಿಯೇ. ಸುಕ್ಕು ಸುಕ್ಕಾದ, ಗಾಢ ಕೆಂಪಿನ ಆ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ. ಎರಡನ್ನೂ ಯಾವ ಅಳತೆಯಲ್ಲಿ ಬೆರೆಸಬೇಕು ಅನ್ನುವುದರಲ್ಲಿ ನಮ್ಮ ಓಣಿಯ ಎರಡು ಮನೆಗಳಿಗೂ ಒಮ್ಮತವಿಲ್ಲ. ತೊಟ್ಟು ಮುರಿದು ಎರಡು ಬಿಸಿಲು ಒಣಗಿಸಿ ಗಿರಣಿಗೆ ಒಯ್ದರೆ ಅಲ್ಲಿ ಸಾಲೋ ಸಾಲು. ಎಲ್ಲರ ಮೂಗಿಗೂ ಸೆರಗೋ ಟವೆಲ್ಲೋ ಕಟ್ಟಿರುತ್ತದೆ, ಎಲ್ಲರೂ ಸೀನುತ್ತಿರುತ್ತಾರೆ. ಸೀನುತ್ತಲೇ ಪಕ್ಕದವರನ್ನು ವಿಚಾರಿಸಿಕೊಳ್ಳುತ್ತಾರೆ. ಬಿಸಿಬಿಸಿ ಪುಡಿಯ ಡಬ್ಬ ಎದೆಗೊತ್ತಿಕೊಂಡು ಮನೆಗೆ ಬರುವಾಗ ಒಂದು ವರ್ಷದ ಸಾರಿನ ಚಿಂತೆ ಕಳೆಯಿತು ಅನ್ನುವ ನೆಮ್ಮದಿ ಇರುತ್ತದೆ.

ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ. ಅದರ ಹೆಸರು ಬೆಂಗಳೂರಿಗೂ ಹೋಯಿತು, ಮುಂಬಯಿಗೂ ಹೋಯಿತು. ಮಂಡಕ್ಕಿ ಮಾತ್ರ ಊರಲ್ಲೇ ಉಳಿದುಕೊಂಡಿದೆ. ನನ್ನ ಕೇಳಿದರೆ ಈ ಊರಿನ ಉಸಿರು ಮಂಡಕ್ಕಿಯಲ್ಲೇ ಇರುವುದು. ಅದರಲ್ಲೂ ಬೇಸಿಗೆಯ ಮಂಡಕ್ಕಿ. ಹಳೇ ದಾವಣಗೆರೆಯ ಕಡೆ ಮಂಡಕ್ಕಿ ಭಟ್ಟಿಗಳಿರುವ ಓಣಿಗಳಲ್ಲಿ ಈ ದಿನಗಳಲ್ಲಿ ಒಮ್ಮೆ ಓಡಾಡಬೇಕು. ಭತ್ತವನ್ನು ಬಿಸಿನೀರಲ್ಲಿ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಸಿ, ಬಂದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಮತ್ತೆ ಒಣಗಿಸಿ, ಕೊನೆಗೆ ಕೆಂಪಗೆ ಕಾದ ಮರಳಿನಲ್ಲಿ ಹುರಿದರೆ ಅದು ಪಟಪಟನೆ ಅರಳಿ ಮಂಡಕ್ಕಿಯಾಗುತ್ತದೆ. ಹುರಿಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮಿಕ್ಕಿದ್ದೆಲ್ಲ ಒಣಗಿಸುವ ಕೆಲಸವೇ. ಮಳೆಗಾಲದಲ್ಲಿ ಈ ಕೆಲಸಕ್ಕೆ ಬಹಳ ತೊಂದರೆ. ಅದಕ್ಕೇ ಮೇ ತಿಂಗಳಲ್ಲಿ ಭಟ್ಟಿಯವರಿಗೆ ಪುರುಸೊತ್ತೇ ಇಲ್ಲ. ಖಾಲಿ ಜಾಗ ಸಿಕ್ಕಲ್ಲೆಲ್ಲ ಬೆಂದ ಭತ್ತ ಹರಡಿರುತ್ತದೆ. ಹೆಂಗಸರು ಬರಿಗಾಲಲ್ಲಿ ಅದರೊಳಗೆ ನಡೆದು ಸಾಲು ತಿರುವುತ್ತಿರುತ್ತಾರೆ. ನಾವು ಐದು ನಿಮಿಷ ನಿಲ್ಲಲಾರದ ಬಿಸಿಲಿನಲ್ಲಿ, ಅದೂ ಉರಿಯುವ ಒಲೆಯ ಮುಂದೆ, ದಿನವಿಡೀ ನಿಲ್ಲುವವರು ಅವರು. ನಮಗೆ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಆ ಹಗುರ ತಿಂಡಿಯ ಹಿಂದಿರುವ ದುಡಿಮೆ ಎಷ್ಟು ಭಾರದ್ದು ಅನ್ನುವುದನ್ನು ಮರೆತು ನಾನು ಮಂಡಕ್ಕಿಯ ಸುಖದ ಬಗ್ಗೆ ಬರೆಯಲಾರೆ.

ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ಆ ಮಂಡಕ್ಕಿ ಊರೆಲ್ಲ ಹರಡುತ್ತದೆ. ರಾಮ್ ಅಂಡ್ ಕೋ ಸರ್ಕಲ್ಲಿನ ಕಡೆ, ಓಣಿ ಓಣಿಯ ತಿರುವಿನಲ್ಲಿ ಗಾಡಿಗಳು ದೀಪ ಹಚ್ಚುತ್ತವೆ. ಗಾಡಿಯವನು ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಸುರಿದು, ಹಸಿಖಾರ, ಎಣ್ಣೆ, ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿ ಎರಡು ಕೈಯಿಂದ ಮೇಲೆ ಕೆಳಗೆ ಮಾಡುವ ಸದ್ದೇ ಒಂದು ಕರೆ. ಖಾರ ಮಂಡಕ್ಕಿ ಬೇಕಾ, ಒಗ್ಗರಣೆ ಮಂಡಕ್ಕಿ ಬೇಕಾ, ನರ್ಗಿಸ್ ಬೇಕಾ ಅಂತ ಕೇಳುತ್ತಾನೆ. ಯಾವುದೇ ಇರಲಿ, ಜೊತೆಗೆ ಮೆಣಸಿನಕಾಯಿ ಇರಲೇಬೇಕು. ಬೇರೆ ಊರಿನವರು ಮಿರ್ಚಿ ಬಜ್ಜಿ ಅನ್ನುತ್ತಾರೆ, ನಮ್ಮಲ್ಲಿ ಬರೀ ಮೆಣಸಿನಕಾಯಿ. ತಿಳಿಹಸಿರು ಬಣ್ಣದ ಉದ್ದನೆಯ ಕಾಯಿ, ಓಂಕಾಳು ಹಾಕಿದ ಕಡ್ಲೆ ಹಿಟ್ಟು, ಎಣ್ಣೆಯಿಂದ ತೆಗೆದು ಬುಟ್ಟಿಗೆ ಹಾಕುವಷ್ಟರಲ್ಲಿ ಖಾಲಿ. ಇಷ್ಟು ಸೆಕೆಯಲ್ಲಿ ಇಷ್ಟು ಖಾರ ತಿನ್ನುವುದೇ ಅಂತ ಪರವೂರಿನ ನೆಂಟರು ಹೆದರುತ್ತಾರೆ. ತಿಂದು ನೋಡಲಿ. ಹಣೆಯ ಮೇಲೆ ಬೆವರು ಒಡೆದು, ಅದರ ಮೇಲೆ ಆ ಏಳು ಗಂಟೆಯ ಗಾಳಿ ಬೀಸಿದಾಗ ಮೈ ತಣ್ಣಗಾಗುವ ಪರಿ ಏನೆಂದು ಆಗ ಗೊತ್ತಾಗುತ್ತದೆ. ಬೇಸಿಗೆಯ ಮಂಡಕ್ಕಿ ಹಲ್ಲಿಗೆ ಕರಕರ ಅನ್ನುತ್ತದೆ, ಕೊನೆಯ ತುತ್ತಿನವರೆಗೂ ಮೆತ್ತಗಾಗುವುದಿಲ್ಲ. ಮೃಗಶಿರಾ ಹಿಡಿದ ಮೇಲೆ ಅದೇ ಗಾಡಿ, ಅದೇ ಕೈ, ಅದೇ ಖಾರ. ಆದರೆ ಆ ಕರಕರ ಇರುವುದಿಲ್ಲ.

ಬಿಸಿಲಿನ ಮಾತು ಬಂದಾಗ ನೆರಳಿನ ಮಾತನ್ನೂ ಹೇಳಬೇಕು. ದಾವಣಗೆರೆ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನಾಲ್ಕೂವರೆ ಡಿಗ್ರಿಯ ಸುಮಾರಿನಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ತಂಬಿಗೆಯ ನೆರಳು ತಂಬಿಗೆಯ ಕೆಳಗೇ ಅಡಗಿಬಿಡುತ್ತದೆ. ಆಮೇಲೆ ಅವನು ಇನ್ನೂ ಉತ್ತರಕ್ಕೆ ಹೋಗುತ್ತಾನೆ. ಹಾಗಾಗಿ ಮೇ ತಿಂಗಳ ನಡುಹಗಲು ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ವರ್ಷದಲ್ಲಿ ಹೆಚ್ಚಿನ ತಿಂಗಳು ಬಿಸಿಲನ್ನೇ ಕಾಣದ ನಮ್ಮ ಮನೆಯ ಉತ್ತರದ ಗೋಡೆಗೆ ಈಗ ಬಿಸಿಲು. ದಕ್ಷಿಣದ ಗೋಡೆಯ ಬುಡದಲ್ಲಿ ಒಂದು ಗೇಣು ಅಗಲದ ನೆರಳಿನ ಪಟ್ಟಿ. ನಮ್ಮ ಬೀದಿಯ ನಾಯಿಗೆ ಇದು ನನಗಿಂತ ಮೊದಲೇ ಗೊತ್ತು. ಮೇ ಬಂದರೆ ಅದು ಮಲಗುವ ಜಾಗ ಬದಲಾಗುತ್ತದೆ.

ಉತ್ತರ ಅಂದಾಗ ನೆನಪಾಯಿತು. ನಮ್ಮಕ್ಕನ ಮಗಳು ಫಿನ್ಲೆಂಡಿನ ಔಲು ಅನ್ನುವ ಊರಿನಲ್ಲಿದ್ದಾಳೆ, ಆರ್ಕ್ಟಿಕ್ ವೃತ್ತಕ್ಕೆ ಹತ್ತಿರ. ಅವರ ಬೇಸಿಗೆ ಮುಗಿಯುವುದು ಆಗಸ್ಟಿನಲ್ಲಿ. ಆ ಹೊತ್ತಿಗೆ ಅಲ್ಲಿ ಹಗಲು ದಿನಕ್ಕೆ 6–7 ನಿಮಿಷ ಕಡಿಮೆಯಾಗುತ್ತಾ ಹೋಗುತ್ತದಂತೆ. ಒಂದೊಂದು ಸಂಜೆಯೂ ಕೈಯಿಂದ ಜಾರಿದ ಹಾಗೆ ಅನ್ನಿಸುತ್ತದೆ, ಚಿಕ್ಕಮ್ಮಾ ಅನ್ನುತ್ತಾಳೆ. ಜನರೆಲ್ಲ ಬುಟ್ಟಿ ಹಿಡಿದು ಕಾಡಿಗೆ ಹೋಗಿ ಬೆರಿ ಹಣ್ಣು ಆರಿಸುತ್ತಾರೆ. ಕಾಡು ಯಾರದ್ದಾದರೂ ಸರಿ, ಹಣ್ಣು ಆರಿಸುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ಕತ್ತಲ ತಿಂಗಳುಗಳಿಗೆ ಅಂತ ಅವನ್ನು ಫ್ರಿಜ್ಜಿನಲ್ಲಿ ತುಂಬಿಡುತ್ತಾರೆ. ನಮಗೆ ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎರಡು ತಾಸಿನ ಅಂತರವೂ ಇಲ್ಲ. ಅವರು ಬೆಳಕು ಹೋಗುತ್ತದೆ ಅಂತ ಅವಸರ ಮಾಡಿದರೆ ನಾವು ಬಿಸಿಲು ಹೋಗುತ್ತದೆ ಅಂತ ಮಾಡುತ್ತೇವೆ. ನಾನು ಸಂಡಿಗೆಯ ಫೋಟೊ ಕಳಿಸಿದರೆ ಅವಳು ಬುಟ್ಟಿ ತುಂಬಿದ ನೀಲಿ ಹಣ್ಣಿನ ಫೋಟೊ ಕಳಿಸುತ್ತಾಳೆ. ಹೋದ ಸಲ ಬಂದಾಗ ಎರಡು ಡಬ್ಬ ಹಪ್ಪಳ ಒಯ್ದಳು.

ನಮ್ಮ ಹಣ್ಣುಗಳ ಸರದಿಯೂ ಕಡಿಮೆಯದಲ್ಲ. ಕಲ್ಲಂಗಡಿ, ಕರಬೂಜದ ಕಾಲ ಆಗ ಮುಗಿಯುತ್ತಾ ಬಂದಿರುತ್ತದೆ. ತಳ್ಳುಗಾಡಿಯವನು ತಾಟಿನಿಂಗು ಸುಲಿದು ಕೈಗೆ ಹಾಕುತ್ತಾನೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ತಣ್ಣನೆಯ ನೀರು ಮೊಣಕೈವರೆಗೂ ಇಳಿಯುತ್ತದೆ. ಮಾವಿಗೆ ಮಾತ್ರ ಇದೇ ತುಂಬು ಹೊತ್ತು. ಧಾರವಾಡದ ಆಪೂಸು, ಸಂತೇಬೆನ್ನೂರು ಕಡೆಯ ತೋಪಿನ ಹಣ್ಣು, ರಸಪುರಿ, ಮಲ್ಲಿಕಾ, ಗಿಣಿಮೂತಿ. ಹೆಚ್ಚಿ ತಟ್ಟೆಯಲ್ಲಿಟ್ಟು ಫೋರ್ಕಿನಲ್ಲಿ ತಿನ್ನುವವರ ಬಗ್ಗೆ ನನಗೆ ಬೇಜಾರಿಲ್ಲ, ಆದರೆ ರಸಪುರಿಯನ್ನು ಹಾಗೆ ತಿನ್ನಬಾರದು. ಬೆಳಗ್ಗೆಯೇ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಮಧ್ಯಾಹ್ನ ತೆಗೆದು ಎರಡು ಅಂಗೈ ನಡುವೆ ಮೆದುವಾಗಿ ಉರುಳಿಸಿ, ತೊಟ್ಟಿನ ಹತ್ತಿರದ ಸೊನೆ ಹಿಂಡಿ ಚೆಲ್ಲಿ, ಬಾಯಿಟ್ಟು ಹೀರಬೇಕು. ಮಿಕ್ಕಿದ ಹಣ್ಣಿಗೆ ಬೆಲ್ಲ, ಹಾಲು, ಏಲಕ್ಕಿ ಸೇರಿಸಿ ಸೀಕರಣೆ. ಹೋಳಿಗೆ ಇದ್ದರೆ ಹಬ್ಬ, ಚಪಾತಿ ಇದ್ದರೂ ಹಬ್ಬವೇ. ಉಂಡು ತಣ್ಣನೆಯ ನೆಲದ ಮೇಲೆ ಬರೀ ಬೆನ್ನಿನಲ್ಲಿ ಮಲಗಿದವರನ್ನು ನಾಲ್ಕರ ತನಕ ಯಾರೂ ಎಬ್ಬಿಸಬಾರದು. ನಮ್ಮ ಮನೆಯಲ್ಲಿ ಹಾಗೊಂದು ಕಾನೂನಿದೆ.

ಊರ ಹೊರಗೆ ಅದೇ ಹೊತ್ತಿನಲ್ಲಿ ಬೇಸಿಗೆ ಭತ್ತದ ಕೊಯ್ಲು ನಡೆಯುತ್ತಿರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ನೀರು ಬಲದಂಡೆ ನಾಲೆಯಲ್ಲಿ ಹರಿದು ಹರಿದು ನಮ್ಮ ಕಡೆಯ ಗದ್ದೆಗಳಿಗೆ ಬಂದು ಸೇರುತ್ತದೆ. ಅಚ್ಚುಕಟ್ಟಿನ ಕೊನೆ ಭಾಗದವರು ನಾವು. ಮೇಲಿನವರಿಗೆಲ್ಲ ಸಿಕ್ಕಿ ಮಿಕ್ಕ ಮೇಲೆ ನಮಗೆ. ಅದಕ್ಕೇ ಇಲ್ಲಿನ ರೈತರು ಪೇಪರ್ ತೆಗೆದ ಕೂಡಲೇ ನೋಡುವುದು ಡ್ಯಾಂ ಮಟ್ಟ. 186 ಅಡಿ ಪೂರ್ತಿ ಮಟ್ಟ. ಇವತ್ತು ಎಷ್ಟಿದೆ ಅನ್ನುವುದು ಬಾಯಲ್ಲೇ ಇರುತ್ತದೆ. ಬೇಸಿಗೆ ಬೆಳೆ ಕೈಗೆ ಬಂದ ವರ್ಷ ಮೇ ತಿಂಗಳಲ್ಲಿ ಊರಿಗೇ ಒಂದು ಕಳೆ. ಕೊಯ್ಲಿನ ಯಂತ್ರಗಳು ರಾತ್ರಿಯೂ ದೀಪ ಹಾಕಿಕೊಂಡು ಓಡುತ್ತವೆ. ಯಂತ್ರದ ಹಿಂದೆ ಬೆಳ್ಳಕ್ಕಿಗಳ ಹಿಂಡು. ರಸ್ತೆಯ ಪಕ್ಕದಲ್ಲಿ ಉದ್ದಕ್ಕೆ ಭತ್ತ ಹರಡಿ, ಪಕ್ಕದಲ್ಲಿ ಕಲ್ಲು ಇಟ್ಟು, ಟಾರ್ಪಾಲಿನ ನೆರಳಿನಲ್ಲಿ ಯಾರಾದರೊಬ್ಬರು ಕೂತಿರುತ್ತಾರೆ. ಹೊಸ ಭತ್ತದ ಆ ಬಿಸಿ ವಾಸನೆಯ ನಡುವೆ ಸ್ಕೂಟರ್ ಓಡಿಸಿಕೊಂಡು ಹೋಗುವಾಗ ನಾನು ಬೇಕಂತಲೇ ನಿಧಾನ ಮಾಡುತ್ತೇನೆ. ಪಶ್ಚಿಮದಲ್ಲಿ ಮೋಡ ಕಟ್ಟಿದ ದಿನ ಮಾತ್ರ ಅಲ್ಲಿ ನಿಲ್ಲಲು ಮನಸ್ಸು ಬರುವುದಿಲ್ಲ. ನಾವು ಬೇಡಿಕೊಳ್ಳುವ ಮಳೆಯೇ ಅವರ ಆರು ತಿಂಗಳ ಬದುಕನ್ನು ರಸ್ತೆಯ ಮೇಲೆ ತೋಯಿಸಿಬಿಡಬಹುದು. ಹಾಗೆ ಮೋಡ ಮುಚ್ಚಿದಾಗ ಗುರುತಿಲ್ಲದವರೂ ಬೈಕ್ ನಿಲ್ಲಿಸಿ ಇಳಿದು ಟಾರ್ಪಾಲಿನ ಒಂದು ತುದಿ ಹಿಡಿಯುವುದನ್ನು ನೋಡಿದ್ದೇನೆ. ಈ ಊರಿನ ಬಗ್ಗೆ ನನಗೆ ಹೆಮ್ಮೆ ಅನಿಸುವುದು ಅಂಥ ಹೊತ್ತಿನಲ್ಲೇ.

ಈ ದಿನಗಳಲ್ಲಿ ಒಂದು ಮಧ್ಯಾಹ್ನವಾದರೂ ಹರಿಹರಕ್ಕೆ ಹೋಗಿಯೇ ಹೋಗುತ್ತೇನೆ. ದೂರವೇನಿಲ್ಲ, ಹದಿನಾಲ್ಕು ಕಿಲೋಮೀಟರು. ಬಾತಿ ಗುಡ್ಡ ದಾಟಿದರೆ ಅರ್ಧ ದಾರಿ ಆಯಿತು. ಮಧ್ಯಾಹ್ನವೇ ಯಾಕೆ ಅಂದರೆ ಹರಿಹರೇಶ್ವರ ದೇವಸ್ಥಾನದ ಕಲ್ಲಿನ ತಂಪು ಗೊತ್ತಾಗಬೇಕಾದರೆ ಮೊದಲು ಬಿಸಿಲು ಉಣ್ಣಬೇಕು. ಚಪ್ಪಲಿ ಬಿಟ್ಟು ಹೊರಗಿನ ಕಾದ ಹಾಸುಗಲ್ಲಿನ ಮೇಲೆ ತುದಿಗಾಲಲ್ಲಿ ಓಡಿ ಮಂಟಪದೊಳಗೆ ಕಾಲಿಟ್ಟ ಕೂಡಲೇ ಅಂಗಾಲಿನಿಂದ ನೆತ್ತಿಯ ತನಕ ಒಂದು ತಂಪು ಏರುತ್ತದೆ. ಎಂಟು ನೂರು ವರ್ಷದಿಂದ ಜನರ ಕಾಲು ತಾಗಿ ನುಣ್ಣಗಾದ ನೆಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಇದು. ತಿರುಗಣಿಗೆ ಹಾಕಿ ಕಡೆದ ಕಂಬಗಳು, ಕತ್ತಲಲ್ಲೂ ಮಿರುಗುತ್ತವೆ. ಒಳಗೆ ಬಲಭಾಗ ಶಿವನಾಗಿ ಎಡಭಾಗ ವಿಷ್ಣುವಾಗಿ ಒಂದೇ ಮೂರ್ತಿಯಲ್ಲಿ ನಿಂತ ಹರಿಹರ. ಜಗಳವಾಡುವ ಎರಡು ಪಂಗಡಗಳನ್ನು ಒಂದು ದೇಹದಲ್ಲಿ ನಿಲ್ಲಿಸಿದ ಆ ಯೋಚನೆಗೆ ನಾನು ಹೋದಾಗಲೆಲ್ಲ ಕೈ ಮುಗಿಯುತ್ತೇನೆ. ಆಮೇಲೆ ಬಂದು ಮಂಟಪದ ಅಂಚಿನ ಕಕ್ಷಾಸನಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಹಿಂದಕ್ಕೆ ವಾಲಿದ ಆ ಕಲ್ಲಿನ ಒರಗು ಬೆನ್ನಿಗೆ ಹೇಗೆ ಕೂರುತ್ತದೆಂದರೆ, ಕೂತವರ ಬೆನ್ನು ಅಳೆದೇ ಶಿಲ್ಪಿ ಕಡೆದಿರಬೇಕು. ಪಕ್ಕದಲ್ಲಿ ಯಾರೋ ಅಜ್ಜ ಟವೆಲ್ ತಲೆಯಡಿಗಿಟ್ಟು ನಿದ್ದೆ ಹೋಗಿರುತ್ತಾರೆ. ಎದ್ದಮೇಲೆ ‘ಯಾವೂರ್ರಿ?’ ಅನ್ನುತ್ತಾರೆ. ದಾವಣಗೆರೆ ಅಂದರೆ ‘ಹಂಗಾದ್ರೆ ಇಲ್ಲೇ ಅನ್ರಿ’ ಅಂತ ಮತ್ತೆ ಮಲಗುತ್ತಾರೆ.

ಬಿಸಿಲು ಇಳಿದ ಮೇಲೆ ಹೊಳೆಗೆ. ಮೇ ತಿಂಗಳ ತುಂಗಭದ್ರೆಯನ್ನು ನೋಡಿ ಅಯ್ಯೋ ಅನ್ನುವವರೇ ಹೆಚ್ಚು. ಬಂಡೆ ಎದ್ದಿರುತ್ತದೆ, ಮರಳು ಎದ್ದಿರುತ್ತದೆ, ನೀರು ಅಲ್ಲಲ್ಲಿ ಸೀಳಿಕೊಂಡು ಹರಿಯುತ್ತಿರುತ್ತದೆ. ದಾವಣಗೆರೆಗೆ ಕುಡಿಯುವ ನೀರು ರಾಜನಹಳ್ಳಿಯಲ್ಲಿ ಇದೇ ಹೊಳೆಯಿಂದ ಎತ್ತುವುದರಿಂದ, ನೀರು ತೀರಾ ಇಳಿದ ವರ್ಷ ನಮ್ಮ ನಲ್ಲಿಗೂ ಅದರ ಬಿಸಿ ತಟ್ಟುತ್ತದೆ. ಆ ಚಿಂತೆ ನನಗೂ ಇದೆ. ಆದರೂ ಹೊಳೆಯ ಮೈಯ ಮೇಲೆ ನಡೆಯಲು ಸಿಗುವುದು ಈಗಲೇ. ಬಂಡೆಗಳ ನಡುವಿನ ಮಡುಗಳಲ್ಲಿ ಸಣ್ಣ ಮೀನು, ದಡದಲ್ಲಿ ಎಮ್ಮೆ ತೊಳೆಯುವವರು, ಬಟ್ಟೆ ಒಗೆದು ಬಂಡೆಗೆ ಹರವಿದವರು, ಮೊಣಕಾಲು ನೀರಿನಲ್ಲಿ ಮಕ್ಕಳು. ಹಳೇ ಕಲ್ಲು ಸೇತುವೆಯ ಕಮಾನಿನ ಕೆಳಗೆ ನಿಂತು ಕೂಗಿದರೆ ಕೂಗು ತಿರುಗಿ ಬರುತ್ತದೆ. 1956ರ ನವೆಂಬರ್ 1ರ ತನಕ ಈ ಹೊಳೆಯೇ ರಾಜ್ಯದ ಗಡಿ. ಈ ದಡ ಮೈಸೂರು, ಆ ದಡ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ಬೀಗರು ಆ ದಡದಲ್ಲಿ, ಗದ್ದೆ ಈ ದಡದಲ್ಲಿ ಇದ್ದವರು ಬೇಸಿಗೆಯಲ್ಲಿ ಈ ಬಂಡೆಗಳ ಮೇಲೆ ಕಾಲಿಟ್ಟೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ಊಟ ಮಾಡಿ ಬರಬಹುದಿತ್ತು. ನಾನೂ ನಡುವಿನ ಒಂದು ಬಂಡೆಯ ಮೇಲೆ ಕೂತು, ಕಾಲು ನೀರಿಗೆ ಇಳಿಬಿಟ್ಟು, ಪೊಟ್ಟಣದ ಕಡ್ಲೇಬೀಜ ಮುಗಿಯುವ ತನಕ ಏಳುವುದಿಲ್ಲ.

ಇದೆಲ್ಲ ಎಷ್ಟು ದಿನ? ಮೇ ಕೊನೆಗೆ ಶಾಲೆಯ ಬಾಗಿಲು ತೆರೆಯುತ್ತದೆ. ಪುಸ್ತಕಕ್ಕೆ ರಟ್ಟು ಹಾಕುವ ಕಂದು ಕಾಗದ, ಹೊಸ ಬ್ಯಾಗಿನ ವಾಸನೆ ಮನೆಯೊಳಗೆ ಬರುತ್ತದೆ. ಮಂಡಿಪೇಟೆಯ ಕಡೆ ಬಿತ್ತನೆ ಬೀಜದ ಅಂಗಡಿಗಳ ಮುಂದೆ ಮೆಕ್ಕೆಜೋಳದ ಚೀಲಕ್ಕೆ ರೈತರು ನಿಂತಿರುತ್ತಾರೆ. ಒಂದು ಸಂಜೆ ನಾಲ್ಕರ ಹೊತ್ತಿಗೆ ಬಾತಿ ಗುಡ್ಡದ ಹಿಂದಿನಿಂದ ಕಪ್ಪು ಎದ್ದು ಬಂದು, ಧೂಳು ಸುಳಿಸುಳಿಯಾಗಿ ಎದ್ದು, ಕರೆಂಟು ಹೋಗಿ, ಎಲ್ಲ ಮಾಳಿಗೆಗಳಿಂದಲೂ ಒಂದೇ ಕೂಗು: ‘ಯಕ್ಕಾ, ಸಂಡಿಗೆ ತೆಗೀರೀ!’ ತಮ್ಮ ಮನೆಯದನ್ನು ಬಿಟ್ಟು ಪಕ್ಕದ ಮನೆಯ ಪಂಚೆ ಎಳೆದವರೂ ಇದ್ದಾರೆ. ಆಲಿಕಲ್ಲು ಬಿದ್ದರೆ ಮಕ್ಕಳನ್ನು ಹಿಡಿಯುವವರಿಲ್ಲ. ರಾತ್ರಿ ದೀಪದ ಸುತ್ತ ರೆಕ್ಕೆಯ ಗೆದ್ದಲು ಮುತ್ತುತ್ತವೆ. ಮರುದಿನ ಮಾರುಕಟ್ಟೆಗೆ ಬಂದ ಮಲ್ಲಿಗೆ ಮೊಗ್ಗು ಎಂದಿಗಿಂತ ದಪ್ಪ.

ಒಂದೆರಡು ಗುಡುಗಿನ ಮಳೆಗೆ ಬೇಸಿಗೆ ಮುಗಿಯಿತು ಅಂತ ನಾನು ಒಪ್ಪುವುದಿಲ್ಲ. ಹೊಳೆ ಕೆಂಪಾದ ದಿನ ಒಪ್ಪುತ್ತೇನೆ. ಮೃಗಶಿರಾದಲ್ಲೋ ಆರಿದ್ರೆಯಲ್ಲೋ, ಇಲ್ಲಿ ಒಂದು ಹನಿ ಬೀಳದ ದಿನವೂ, ಹರಿಹರದ ಸೇತುವೆಯ ಕೆಳಗೆ ಕೆಂಪು ನೀರು ನುಗ್ಗಿ ಬರುತ್ತದೆ. ಮೇಲೆ ಶೃಂಗೇರಿ, ತೀರ್ಥಹಳ್ಳಿಯಲ್ಲಿ ಸುರಿದ ಮಳೆ ಅದು. ಸುದ್ದಿ ತಿಳಿದ ಸಂಜೆ ನಾನೂ ಬಸ್ಸು ಹತ್ತುತ್ತೇನೆ. ಸೇತುವೆಯ ಮೇಲೆ ಆಗಲೇ ಜನ ಸೇರಿರುತ್ತಾರೆ, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿರುತ್ತಾರೆ. ಹುಡುಗರು ಮೊಬೈಲು ಹಿಡಿದು, ‘ಭದ್ರಾ ಡ್ಯಾಂ ಬಿಟ್ಟಾರಂತೆ’ ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಹಿರಿಯರು ಬಿಡುವುದಿಲ್ಲ.

‘ಭದ್ರಾ ಎಲ್ಲಿ ಬಿಡ್ತಾರಪ್ಪ ಈಗ? ಅದು ಎಪ್ಪತ್ತೊಂದು ಟಿಎಂಸಿ ಡ್ಯಾಂ, ತುಂಬಾಕೆ ಆಗಸ್ಟ್ ಬೇಕು. ಗಾಜನೂರಿಂದು ಮೂರೇ ಟಿಎಂಸಿ, ಎರಡು ಮಳೆಗೆ ತುಂಬಿ ಗೇಟ್ ಎತ್ತಿಬಿಡ್ತಾರೆ. ಇದು ಪೂರಾ ತುಂಗಿ ನೀರು.’

‘ನೋಡಿದ್ರೆ ಗೊತ್ತಾಗುತ್ತೇನಜ್ಜ?’

‘ಗೊತ್ತಾಗಾಕೆ ಏನೈತೆ? ಐವತ್ತು ವರ್ಷದಿಂದ ಇಲ್ಲೇ ನಿಂತು ನೋಡ್ತಾ ಇದೀನಿ. ಮೊದ್ಲು ಬರಾಕಿ ಅಕ್ಕ. ತಂಗಿ ನಿಧಾನಕ್ಕೆ ಬರ್ತಾಳೆ.’